ಸೌನಾದಲ್ಲಿ ಸೈಮಿ ಸುಮ್ಮನೆ ಕೂತಿದ್ದು

ಕುಹ್ಮೊ
ಫೆಬ್ರವರಿ ೧೮, ಮಂಗಳವಾರ

ಪ್ರೀತಿಯ ರಿಟ್ವಾ,

ಹೇಗಿದ್ದೀಯ ಮಗಳೇ? ಹಿಮಗಡ್ಡೆ ಒಡೆಯುವ ಹಡಗಿನಲ್ಲಿ ನಿನ್ನ ಎಂಜಿನ್ ಕೋಣೆಯಷ್ಟು ಬೆಚ್ಚಗಿನ ಜಾಗ ಇನ್ನೊಂದಿಲ್ಲ ಅನ್ನುತ್ತಿ, ಆದರೂ ನಾನು ಹೆಣೆದ ಕಾಲುಚೀಲ ಹಾಕಿಕೊ. ಸೊಂಟನೋವು ಕಡಿಮೆಯಾಯಿತೆ? ನನ್ನ ಮಂಡಿ ಹಿಂದಿನ ಹಾಗೇ ಇದೆ, ದೂರುವಂಥದ್ದೇನಿಲ್ಲ. ಫೋನಿನಲ್ಲಿ ನನಗೆ ಹೂಂ, ಉಹೂಂ ಬಿಟ್ಟು ಬೇರೇನೂ ಬಾಯಿಗೆ ಬರುವುದಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಮಗಳು ಸೈಮಿ ಚೆನ್ನಾಗಿದ್ದಾಳೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಓದು. ಶನಿವಾರ ಸೌನಾದಲ್ಲಿ ಅವಳ ರಕ್ತದ ಸಕ್ಕರೆ ತೀರ ಇಳಿದುಹೋಗಿತ್ತು. ನಾಲ್ಕು ಗಂಟೆಗೆ ಅನ್ನ ತುಂಬಿದ ಮೂರು ರೊಟ್ಟಿ ತಿಂದಳು, ಲೆಕ್ಕ ಹಾಕಿ ಇನ್ಸುಲಿನ್ ಚುಚ್ಚಿಕೊಂಡಳು. ಸೌನಾದ ಒಲೆ ಹದವಾಗಿ ಕಾದಿತ್ತು, ಕೂಡಲೇ ಹಬೆಯಲ್ಲಿ ಬೆವರಲು ಒಳಗೆ ಹೋದೆವು. ಫೋನು ಹೊರಗಿನ ಕೋಣೆಯಲ್ಲಿತ್ತು. ಅವಳ ತೋಳಿಗೆ ಅಂಟಿಸಿದ ಸಕ್ಕರೆ ಅಳೆಯುವ ಗುಂಡಿ, ಸಕ್ಕರೆ ಇಳಿದಾಗ ಆ ಫೋನನ್ನು ಕೂಗಿಸುತ್ತದಲ್ಲ, ಅದು ನಮಗೆ ಕೇಳಿಸಲಿಲ್ಲ. ಮರದ ಗೋಡೆ ದಪ್ಪ. ಸೌನಾದಲ್ಲಿ ಚರ್ಚಿನಲ್ಲಿದ್ದ ಹಾಗೆ ಸುಮ್ಮನಿರಬೇಕೆಂದು ನಮ್ಮಮ್ಮ ನನ್ನ ಕಿವಿ ಹಿಂಡಿ ಕಲಿಸಿದ್ದಳು, ನಾನು ನಿನಗೆ ಕಲಿಸಿದೆ. ಹುಡುಗಿ ಮಾತಾಡದೆ ಕೂತಿದ್ದಳು. ಅಂತೂ ಇವಳಿಗೂ ಬುದ್ಧಿ ಬಂತು ಎಂದು ಖುಷಿಪಟ್ಟೆ. ಬೆವರುತ್ತಿದ್ದಳು, ಅಲ್ಲಿ ಬೆವರದವರು ಯಾರು? ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಹಾಕಲೇ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ, "ಅಜ್ಜಿ, ಒಳಗೆಲ್ಲ ಯಾಕೆ ಹಿಮ ಬೀಳ್ತಿದೆ?" ಅಂದಳು.

ಮಂಡಿನೋವು ಎಲ್ಲಿ ಹೋಯಿತೋ, ಎತ್ತಿಕೊಂಡು ಹೊರಗೆ ಬಂದೆ. ನುಂಗುತ್ತಿದ್ದಳು, ಅದೊಂದು ಪುಣ್ಯ. ಸಕ್ಕರೆ ಹಾಕಿದ ಬೆರ್ರಿ ರಸ ಒಂದು ಲೋಟ, ಆಮೇಲೆ ಇನ್ನರ್ಧ. ಕಾಲು ಗಂಟೆಗೆ ಕಣ್ಣು ಸರಿಯಾಯಿತು. ಮೊದಲ ಮಾತೇ, "ಅಮ್ಮಂಗೆ ಹೇಳ್ಬೇಡ ಕಣಜ್ಜಿ, ಹೇಳಿದ್ರೆ ನನ್ನ ಪಟ್ಟಣದ ಶಾಲೆ ಹಾಸ್ಟೆಲಿಗೆ ಹಾಕ್ತಾಳೆ."

ನಿನ್ನೆ ನರ್ಸ್ ಪಿರ್ಕ್ಕೊ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳು ಬೈಯಲಿಲ್ಲ. ಚರ್ಮದ ಕೆಳಗೆ ಚುಚ್ಚಿದ ಇನ್ಸುಲಿನ್ ಬಿಸಿಯಲ್ಲಿ ಬೇಗ ರಕ್ತಕ್ಕೆ ಓಡುತ್ತದಂತೆ, ರೊಟ್ಟಿ ಅರಗುವ ಮೊದಲೇ. ನನ್ನ ಒಡಲಲ್ಲಾದರೆ ಹೊಟ್ಟೆಯ ಹಿಂದಿನ ಗ್ರಂಥಿ ಸದಾ ಎಚ್ಚರ: ಸಕ್ಕರೆ ಏರಿದರೆ ಇನ್ಸುಲಿನ್ ಬಿಡುತ್ತದೆ, ಇಳಿದರೆ ನಿಲ್ಲಿಸುತ್ತದೆ, ಕೂಡಿಟ್ಟ ಸಕ್ಕರೆಯನ್ನು ತೆಗೆ ಎಂದು ಪಿತ್ತಜನಕಾಂಗಕ್ಕೆ ಹೇಳಿ ಕಳಿಸುತ್ತದೆ. ಎಪ್ಪತ್ತೊಂದು ವರ್ಷದಿಂದ ಈ ಒಲೆ ತಾನಾಗಿ ಉರಿಯುತ್ತಿದೆ, ನಾನು ಒಂದು ದಿನವೂ ಒಂದು ಕೊರಡು ಇಟ್ಟವಳಲ್ಲ. ಸೈಮಿಯ ಒಲೆಯನ್ನು ಸೈಮಿಯೇ ನೋಡಿಕೊಳ್ಳಬೇಕು, ನಿದ್ದೆಯಲ್ಲೂ. ಒಮ್ಮೆ ಹಾಕಿದ ಕೊರಡನ್ನು ಹೊರಗೆಳೆಯಲೂ ಬರುವುದಿಲ್ಲ. ಇದು ನನಗೆ ಈಗ ಗೊತ್ತಾಯಿತು, ನಾಚಿಕೆಯಾಗುತ್ತದೆ.

ಇನ್ನು ಮೇಲೆ ಸೌನಾಕ್ಕೆ ಮೊದಲು ಸಕ್ಕರೆ ನೋಡುವುದು, ಚುಚ್ಚಿಕೊಂಡು ಎರಡು ಗಂಟೆಯಾದರೂ ಕಾಯುವುದು, ಬಾಗಿಲ ಹತ್ತಿರ ರಸ ಇಟ್ಟುಕೊಳ್ಳುವುದು. ಒಳಗೆ ಮಾತಾಡುತ್ತಲೂ ಇರಬೇಕಂತೆ. ನಮ್ಮಮ್ಮ ಗೋರಿಯಲ್ಲಿ ಮಗ್ಗುಲು ಬದಲಿಸಲಿ. ಪಕ್ಕದ ಮನೆಯ ಹಿಲ್ಕ್ಕಾ ನಿನ್ನನ್ನು ಕೇಳಿದಳು. ಕೆರೆಯ ಹಿಮಗಡ್ಡೆ ಇನ್ನೂ ಗಟ್ಟಿಯಾಗಿದೆ, ಸೈಮಿ ಅಲ್ಲಿ ಮೀನು ಹಿಡಿಯಲು ಹೋಗಿದ್ದಾಳೆ, ಜೇಬಿನಲ್ಲಿ ಮಿಠಾಯಿ ಇದೆ.

ಸಮುದ್ರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ, ದೇವರು ಸಮುದ್ರವನ್ನು ನೋಡಿಕೊಳ್ಳಲಿ.

ನಿನ್ನ ಅಮ್ಮ,
ಹೆಲ್ವಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಫೋನು ಕೇಳಿಸಲಿಲ್ಲ ಎಂದು ಬರೆದದ್ದು ಸುಳ್ಳು. ಎರಡು ಸಲ ಕೂಗಿತು. ಸೈಮಿ ಏಳಲು ಹೊರಟಳು. ಗೆಳತಿಯರ ಕಾಟವೆಂದುಕೊಂಡು, "ಕೂತ್ಕೋ, ಸೌನಾದಲ್ಲಿ ಯಾರಿಗೂ ಓಗೊಡಬೇಕಾಗಿಲ್ಲ" ಅಂದೆ. ನನ್ನ ಮಾತಿಗೆ ಬೆಲೆ ಕೊಟ್ಟು ಕೂತಳು. ಇದನ್ನು ಅವಳು ನಿನಗೆ ಎಂದೂ ಹೇಳುವುದಿಲ್ಲ, ನನ್ನನ್ನು ಕಾಪಾಡುತ್ತಿದ್ದಾಳೆ. ಹದಿಮೂರರ ಹುಡುಗಿಗೆ ಕಾಯಲು ತನ್ನದೊಂದು ಒಲೆಯೇ ಸಾಕು. ಅವಳನ್ನು ನನ್ನ ಹತ್ತಿರ ಬಿಡುತ್ತೀಯೋ ಇಲ್ಲವೋ, ಇದನ್ನು ತಿಳಿದ ಮೇಲೆ ಹೇಳು.