ಇಬ್ಬರಿಗೆ ಒಂದೇ ಬ್ಯಾಗು

ಕೂರ್ಮನ್ನಪಾಲೆಂ, ವಿಶಾಖಪಟ್ಟಣ
೧೭ ಮಾರ್ಚ್ ೨೦೧೮, ಶನಿವಾರ

ಪ್ರೀತಿಯ ಸಾಯಿಲಕ್ಷ್ಮಿಗೆ,

ನಾನು ಚೆನ್ನಾಗಿದ್ದೇನೆ, ನೀನೂ ಹಾಗೇ ಇರುವೆ ಎಂದು ನಂಬಿದ್ದೇನೆ ಎಂದೆಲ್ಲ ಬರೆದು ಮೊದಲ ಸಾಲಿನಲ್ಲೇ ಸುಳ್ಳು ಹೇಳುವುದಿಲ್ಲ. ನಾನು ಚೆನ್ನಾಗಿಲ್ಲ. ಮೈಯೆಲ್ಲ ಸಿಟ್ಟು. ನೀನು ವಿಜಯವಾಡದ ತವರಿಗೆ ಹೋಗಿ ನಾಲ್ಕು ವಾರವಾಗುತ್ತ ಬಂತು. ಬರುವ ಬುಧವಾರ ಬ್ಯಾಂಕಿನ ತರಬೇತಿಗೆ ನಾನು ಹೈದರಾಬಾದಿಗೆ ಹೋಗಬೇಕು, ಬಟ್ಟೆ ತುಂಬಿಕೊಳ್ಳಲು ಮನೆಯಲ್ಲಿ ಒಂದು ಚೀಲವಿಲ್ಲ. ಆ ಬೂದು ಬಣ್ಣದ ಬೆನ್ನುಚೀಲವನ್ನು ಎರಡು ತಿಂಗಳು ಹುಡುಕಿ, ಹೊಲಿಗೆ ನೋಡಿ, ಜಿಪ್ಪು ಎಳೆದು ನೋಡಿ ತಂದವನು ನಾನು. ದುವ್ವಾಡ ಸ್ಟೇಷನ್ನಿನಲ್ಲಿ ಅದನ್ನೇ ಬೆನ್ನಿಗೇರಿಸಿಕೊಂಡು ನೀನು ರೈಲು ಹತ್ತಿದೆಯಂತೆ. ಮನೆಯಲ್ಲಿ ಎರಡು ಸೂಟ್‌ಕೇಸು ಇದ್ದವಲ್ಲ, ಹಿಂದಿನ ವರ್ಷ ಅವನ್ನು ಹಳೇ ಸಾಮಾನಿನವನಿಗೆ ಕೊಟ್ಟದ್ದು ಯಾರು ಎಂದು ನೀನು ಕೇಳುತ್ತೀ. ನಾನೇ. ಸರಿ.

ಈ ಕಾಲದಲ್ಲಿ ಕಾಗದ ಬರೆಯುವ ಪಾಡು ನೋಡು. ಫೋನು ಮಾಡಿದರೆ ನಿನ್ನ ತಮ್ಮ ಬಾಬ್ಜಿ ಎತ್ತುತ್ತಾನೆ. ಅಕ್ಕ ಪೂಜೆಯಲ್ಲಿದ್ದಾಳೆ ಬಾವಗಾರೂ ಎನ್ನುತ್ತಾನೆ. ಮಧ್ಯಾಹ್ನ ಮೂರು ಗಂಟೆಗೆ ಯಾವ ದೇವರ ಪೂಜೆ? ವಾಟ್ಸಾಪಿನಲ್ಲಿ ನೀನು ಓದಿದ ಗುರುತು ಮಾತ್ರ ಬರುತ್ತದೆ, ಮಾತು ಬರುವುದಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಳ್ಳಾರಿ ಕಡೆಯವರಾದ ನಿನ್ನ ಅಮ್ಮ ಹಟ ಹಿಡಿದು ನಿನಗೆ ಕನ್ನಡ ಓದಲು ಕಲಿಸಿದರು, ಬಾಬ್ಜಿ ಅಷ್ಟರಲ್ಲಿ ಆಡಲು ಓಡಿಹೋಗಿದ್ದನಂತೆ. ಅವನು ಈ ಅಕ್ಷರಗಳನ್ನು ಕೂಡಿಸಿ ಓದಿದರೂ ಅರ್ಥವಾಗುವುದಿಲ್ಲ. ಇದು ನೀನೊಬ್ಬಳೇ ಓದಬೇಕಾದದ್ದು.

ಜನವರಿಯಲ್ಲಿ ಹೋಗಿಬಂದ ಅಂಡಮಾನಿನ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನೀನು ಎಲ್ಲರ ಮುಂದೆ ಅದನ್ನೇ ಹೇಳುತ್ತಿದ್ದೀಯೆಂದು ಕೇಳಿದೆ. ಇಬ್ಬರಿಗೆ ಒಂದೇ ಬ್ಯಾಗು, ಏಳು ಕೆಜಿ, ಆರು ದಿನ. ಇಡೀ ಬ್ರಾಂಚಿಗೆ ಡಂಗುರ ಸಾರಿದ್ದೆ, ಒಪ್ಪುತ್ತೇನೆ. ಹೆಂಡತಿಯನ್ನೂ ಮನೆಯಲ್ಲೇ ಬಿಟ್ಟರೆ ಇನ್ನೂ ಹಗುರ ಅಲ್ಲವೇನಯ್ಯಾ ಎಂದು ನಮ್ಮ ಮ್ಯಾನೇಜರ್ ಜಗನ್ಮೋಹನ್ ಗಾರು ನಕ್ಕಿದ್ದರು. ನಾನೂ ನಕ್ಕಿದ್ದೆ. ಹೊರಡುವ ಬೆಳಿಗ್ಗೆ ತೂಕದ ಯಂತ್ರವನ್ನು ಹಾಲಿನ ನಡುವೆ ಇಟ್ಟುಕೊಂಡು ಕೂತವನು ನಾನು. ನೀನು ಇಟ್ಟದ್ದನ್ನು ಒಂದೊಂದಾಗಿ ತೆಗೆದೆ. ಚಟ್ನಿಪುಡಿ ಡಬ್ಬಿ, ಎರಡನೇ ಟವೆಲು, ಬಿಸಿನೀರಿನ ಫ್ಲಾಸ್ಕು, ಆ ಹಸಿರು ಸೀರೆ. ದ್ವೀಪದಲ್ಲಿ ಯಾರಿಗೆ ತೋರಿಸಬೇಕು ಸೀರೆಯನ್ನು ಎಂದೆ. ಕಡೆಗೆ ಉಳಿದದ್ದು ಪಿನ್ನು, ಬಿಂದಿ, ಕುಂಕುಮ ಇಟ್ಟುಕೊಳ್ಳುವ ನಿನ್ನ ಪುಟ್ಟ ಪರ್ಸು. ಅದು ಇರಲಿ ರೀ, ಸಣ್ಣದು ಎಂದೆ ನೀನು. ಸರಿ ಎಂದು ನಾನು ಮತ್ತೆ ಒಳಗಿಟ್ಟೆ. ನೀನು ಸ್ನಾನಕ್ಕೆ ಹೋದಾಗ ತೆಗೆದು ಫ್ರಿಜ್ಜಿನ ಮೇಲಿಟ್ಟೆ. ಮುಳ್ಳು ಏಳರ ಕೆಳಗೆ ಬಂದಿತು, ನನಗೆ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು. ನಿನ್ನ ಕಿವಿಯ ಮಿಷನ್ನಿನ ಬ್ಯಾಟರಿ ಪೊಟ್ಟಣ ಅದರಲ್ಲಿತ್ತು ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಇದು ಸತ್ಯ. ಬೇಕಾದರೆ ನಿನ್ನ ತಲೆ ಮುಟ್ಟಿ ಹೇಳುತ್ತೇನೆ, ನೀನು ಹತ್ತಿರ ಬರಲು ಬಿಟ್ಟರೆ.

ಪೋರ್ಟ್ ಬ್ಲೇರಿಗೆ ಇಳಿದ ಸಂಜೆಯೇ ಎರಡೂ ಕಿವಿಯಲ್ಲಿ ಟಿಂಗ್ ಟಿಂಗ್ ಎನ್ನುತ್ತಿದೆ ಎಂದೆ ನೀನು. ಬ್ಯಾಟರಿ ಮುಗಿಯುವ ಸದ್ದು. ನೀನು ಆ ಪರ್ಸಿಗಾಗಿ ಚೀಲವೆಲ್ಲ ತಡಕಿದಾಗಲೇ ಅದರಲ್ಲಿ ಏನಿತ್ತೆಂದು ನನಗೆ ತಿಳಿದದ್ದು. ಜೈಲಿನ ಧ್ವನಿ ಬೆಳಕಿನ ಪ್ರದರ್ಶನಕ್ಕೆ ಹೋಗುವಷ್ಟರಲ್ಲಿ ಅದೂ ನಿಂತಿತು. ನೀನು ಒಂದು ಗಂಟೆ ಬೆಳಕನ್ನಷ್ಟೇ ನೋಡಿದೆ. ಸುತ್ತ ಕೂತವರು ಕಣ್ಣೊರೆಸಿಕೊಂಡಾಗ ನೀನು ನನ್ನ ಮುಖ ನೋಡಿದೆ, ಏನಾಯಿತು ಎಂಬಂತೆ. ಆಗಲೇ ನನಗೆ ನನ್ನ ಮೇಲೆ ಬಂದ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಂಡೆ. ಹೇಳಬಾರದಿತ್ತೆ, ಅದರಲ್ಲಿ ಬ್ಯಾಟರಿ ಇದೆಯೆಂದು ಎಂದು ಕೂಗಾಡಿದೆ. ಕೂಗಿದ್ದೂ ನಿನಗೆ ಕೇಳಲಿಲ್ಲ. ಬಾಯಿ ಮಾತ್ರ ಕಂಡಿರಬೇಕು.

ಈಗ ಮುಖ್ಯ ಮಾತು. ಫೆಬ್ರವರಿ ೧೮ರಂದು ಉಷಶ್ರೀಯವರ ಗೃಹಪ್ರವೇಶದಲ್ಲಿ, ಊಟದ ಪಂಕ್ತಿಯಲ್ಲಿ, ಅವರು ನಿನಗೆ ಹೇಳಿದರು. ವಿಜಯವಾಡಕ್ಕೆ ವರ್ಗ ಕೇಳಿದವರಿಗೆಲ್ಲ ಸಿಕ್ಕಿದೆ, ನಿಮ್ಮವರು ಯಾಕೋ ಒಂದು ಸಲವೂ ಅರ್ಜಿ ಹಾಕಲಿಲ್ಲ ಎಂದು. ನನ್ನ ಎದುರಿನ ಮೇಜಿನಲ್ಲಿ ಕೂರುವ ಹೆಂಗಸು, ಅವರಿಗೆ ಎಲ್ಲ ಗೊತ್ತಿರುತ್ತದೆ. ನೀನು ಪಾಯಸದ ಬಟ್ಟಲನ್ನು ಹಾಗೇ ಬಿಟ್ಟು ಎದ್ದೆ. ನಾಲ್ಕು ವರ್ಷ ನಾನು ಪ್ರತಿ ಏಪ್ರಿಲಿನಲ್ಲೂ ಮನೆಗೆ ಬಂದು, ಈ ಸಲವೂ ಆಗಲಿಲ್ಲ ಸಾಯಿ, ಮೇಲಿನವರು ಒಪ್ಪಲಿಲ್ಲ ಎನ್ನುತ್ತಿದ್ದೆ. ನೀನು ನನಗೇ ಸಮಾಧಾನ ಹೇಳುತ್ತಿದ್ದೆ. ವಿಜಯವಾಡದಲ್ಲಿ ಅತ್ತೆ ಬಿದ್ದು ಸೊಂಟ ಮುರಿದುಕೊಂಡ ವರ್ಷವೂ ನಾನು ಅದನ್ನೇ ಹೇಳಿದೆ. ಆ ವರ್ಷ ನೀನು ತಿಂಗಳಿಗೆರಡು ಸಲ ರೈಲಿನಲ್ಲಿ ಓಡಾಡಿ ಅಲ್ಲಿನ ಬೆಂಜ್ ಸರ್ಕಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಬಂದೆ. ಬಂದವಳಿಗೆ ನಾನು ಕಾಫಿ ಮಾಡಿಕೊಟ್ಟೆ. ಅಷ್ಟೇ ಮಾಡಿದೆ.

ನೀನು ಹೊರಡುವಾಗ ಕೇಳಿದ್ದು, ಇಷ್ಟು ವರ್ಷದಲ್ಲಿ ಒಂದು ದಿನವಾದರೂ ನಿಜ ಹೇಳಬೇಕೆನಿಸಲಿಲ್ಲವೆ ಎಂದು. ಹೇಳಿದ್ದೆ ಎಂದು ನಾನು ಅರಚಿದೆ. ನೀಲ್ ದ್ವೀಪದಲ್ಲಿ ಜನವರಿ ೨೬ರ ಸಂಜೆ ಎಲ್ಲವನ್ನೂ ಹೇಳಿದ್ದೆ, ಕೇಳದಿದ್ದದ್ದು ನಿನ್ನ ಕಿವಿಯ ತಪ್ಪು ಎಂದೆ. ಆ ಮಾತಿಗೇ ನೀನು ಬಾಗಿಲು ತೆರೆದುಕೊಂಡು ಹೋದದ್ದು ಎಂದು ನನಗೆ ಗೊತ್ತು. ಆದರೆ ಹೇಳಿದ್ದು ಸುಳ್ಳಲ್ಲ ಸಾಯಿ. ಲಕ್ಷ್ಮಣಪುರದ ದಂಡೆಯಲ್ಲಿ ಕೂತಿದ್ದೆವು. ಅಲ್ಲಿ ಐದೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಅರ್ಧ ಗಂಟೆ ಮಾತಾಡಿದೆ. ಅರ್ಜಿ ಹಾಕಲಿಲ್ಲ ಎಂದೆ, ಯಾಕೆ ಹಾಕಲಿಲ್ಲ ಎಂದೆ. ನೀನು ಕಡಲನ್ನು ನೋಡುತ್ತ ಶಂಖದ ಚೂರುಗಳನ್ನು ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದೆ.

ನಿನಗೆ ಕೇಳುವುದಿಲ್ಲವೆಂದು ಗೊತ್ತಿದ್ದೇ ಹೇಳಿದೆ. ಬೆಳಕಿದ್ದರೆ ತುಟಿ ನೋಡಿ ತಿಳಿದುಕೊಳ್ಳುತ್ತೀಯೆಂದು ಮಬ್ಬುಗತ್ತಲಾಗುವವರೆಗೆ ಕಾದೆ. ಮುಗಿಸಿದ ಮೇಲೆ ಎಷ್ಟು ಹಗುರವಾಯಿತೆಂದರೆ, ವಾಪಸು ನಡೆಯುವಾಗ ಶಿಳ್ಳೆ ಹಾಕಿದೆ. ನಾಚಿಕೆಯಾಗುತ್ತದೆ ಬರೆಯಲು.

ಯಾಕೆ ಹಾಕಲಿಲ್ಲ ಎಂಬುದನ್ನು ಈಗ ನೀನು ಓದುವಂತೆ ಬರೆಯುತ್ತೇನೆ. ವಿಜಯವಾಡದಲ್ಲಿ ನಾನು ಅಲ್ಲುಡುಗಾರು, ಮನೆಯ ಅಳಿಯ. ಬಂದರೆ ಕುರ್ಚಿ, ಕೂತರೆ ಕಾಫಿ, ಎದ್ದರೆ ಎಲ್ಲಿಗೆ ಎಂಬ ಪ್ರಶ್ನೆ. ಅದನ್ನೆಲ್ಲ ಸಹಿಸಬಹುದಿತ್ತು. ಆದರೆ ಆ ಮನೆಯಲ್ಲಿ ಎಲ್ಲರೂ ನಿನ್ನ ಎದುರಿಗೆ ಬಂದು, ಮುಖ ತೋರಿಸಿ, ಗಟ್ಟಿಯಾಗಿ ಮಾತಾಡುತ್ತಾರೆ, ನೀನು ಪಟಪಟನೆ ತೆಲುಗಿನಲ್ಲಿ ಉತ್ತರ ಕೊಟ್ಟು ಹೊಟ್ಟೆ ಹಿಡಿದು ನಗುತ್ತೀ. ಇಲ್ಲಿ ಹಾಗಲ್ಲ. ಮದುವೆಯಾದ ಹೊಸದರಲ್ಲಿ ಅಂಗಡಿಯವನು, ಡಾಕ್ಟರು, ಪಕ್ಕದ ಮನೆಯ ಸೂರ್ಯಕಾಂತಮ್ಮ, ಯಾರು ಮಾತಾಡಿದರೂ ನೀನು ನನ್ನತ್ತ ತಿರುಗುತ್ತಿದ್ದೆ, ನಾನು ಇನ್ನೊಂದು ಸಲ ಹೇಳುತ್ತಿದ್ದೆ. ಚಿತ್ರದುರ್ಗದಿಂದ ಬಂದು ಇಲ್ಲಿ ಯಾರಿಗೂ ಬೇಡದೆ ಬಿದ್ದಿದ್ದವನು ನಾನು, ನಿನ್ನೊಬ್ಬಳಿಗೆ ಬೇಕಾಗಿದ್ದೆ. ಮಿಷನ್ನು ಬಂದ ಮೊದಲ ದಿನ ನೀನು ಮನೆಯೆಲ್ಲ ಓಡಾಡಿ ಫ್ರಿಜ್ಜು ಸದ್ದು ಮಾಡುತ್ತದೆ, ನೀವು ಊಟ ಮಾಡುವಾಗಲೂ ಸದ್ದು ಮಾಡುತ್ತೀರಿ ಎಂದು ನಕ್ಕೆ. ನಾನೂ ನಕ್ಕೆ. ಆದರೆ ಆ ದಿನದಿಂದ ನನಗೆ ಭಯ ಹಿಡಿಯಿತು. ಇನ್ನು ವಿಜಯವಾಡಕ್ಕೂ ಹೋದರೆ ನಿನಗೆ ನಾನು ಯಾತಕ್ಕೆ?

ಹೆತ್ತ ತಾಯಿಯ ಹಾಸಿಗೆಯ ಪಕ್ಕದಿಂದ ಮಗಳನ್ನು ನಾಲ್ಕು ವರ್ಷ ದೂರವಿಡಲು ಇದು ಸಾಕಾಗುವ ಕಾರಣವಲ್ಲ. ಬರೆದು ನೋಡಿದ ಮೇಲೆ ನನಗೇ ಅನ್ನಿಸುತ್ತಿದೆ, ಇಷ್ಟೇನಾ ಎಂದು.

ಹೋದ ಸೋಮವಾರ ಅರ್ಜಿ ಹಾಕಿದೆ. ವಿಜಯವಾಡ ಒಂದೇ ಊರು ಬರೆದಿದ್ದೇನೆ. ಜಗನ್ಮೋಹನ್ ಗಾರು ಸಹಿ ಮಾಡಿ, ಇಷ್ಟು ದಿನ ಎಲ್ಲಿದ್ದಿರಿ ಎಂದರು. ಈ ಸಲ ಆಗುತ್ತದಂತೆ. ವಾಪಸು ತೆಗೆದುಕೊಳ್ಳಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ. ನಾನು ಆ ಊರಿಗೆ ಬಂದು ನಿನ್ನೊಂದಿಗೆ ಇರುವುದೋ ಬೇಡವೋ ನೀನು ಹೇಳು. ಬೇಡವೆಂದರೂ ಬರೆ. ಬೈದು ಬರೆ. ಬಾಬ್ಜಿಯ ಕೈಯಲ್ಲಿ ಮಾತ್ರ ಹೇಳಿಸಬೇಡ, ಆ ಪೂಜೆಯ ಮಾತು ಇನ್ನೊಂದು ಸಲ ಕೇಳಿದರೆ ನನಗೆ ತಲೆ ಕೆಡುತ್ತದೆ.

ನಾಳೆ ಯುಗಾದಿ. ಸೂರ್ಯಕಾಂತಮ್ಮ ಬೇವಿನ ಹೂವು ಕೊಟ್ಟುಹೋದರು, ನಿನ್ನನ್ನು ಕೇಳಿದರು. ಹಬ್ಬಕ್ಕೆ ತವರಿಗೆ ಹೋಗಿದ್ದಾಳೆ ಎಂದೆ. ಈ ಊರಿನಲ್ಲಿ ಇನ್ನೂ ಸುಳ್ಳು ಹೇಳಿಕೊಂಡೇ ಇದ್ದೇನೆ. ಅತ್ತೆಗೆ ನನ್ನ ನಮಸ್ಕಾರ ತಿಳಿಸು, ನಿನಗೆ ಸರಿಯೆನಿಸಿದರೆ.

ನಿನ್ನವನೇ ಎಂದು ಬರೆಯುವ ಧೈರ್ಯವಿಲ್ಲದ,
ಗುರುದತ್ತ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀಲ್ ದ್ವೀಪಕ್ಕೆ ದೋಣಿ ಹತ್ತುವ ಬೆಳಿಗ್ಗೆ ಪೋರ್ಟ್ ಬ್ಲೇರಿನ ಅಬರ್ಡೀನ್ ಬಜಾರೆಲ್ಲ ಸುತ್ತಿ ಬಂದು ಬ್ಯಾಟರಿ ಎಲ್ಲೂ ಸಿಗಲಿಲ್ಲ ಎಂದೆನಲ್ಲ. ಎರಡನೇ ಔಷಧಿ ಅಂಗಡಿಯಲ್ಲೇ ಸಿಕ್ಕಿತ್ತು. ಕೊಡಬೇಕೆಂದೇ ಓಡಿ ಬಂದೆ. ನೀನು ಜೆಟ್ಟಿಯ ಜನಜಂಗುಳಿಯಲ್ಲಿ ನಿಂತಿದ್ದೆ, ನನ್ನನ್ನು ಕಂಡೊಡನೆ ತೋಳು ಹಿಡಿದುಕೊಂಡು ನನ್ನ ಬಾಯನ್ನೇ ನೋಡಿದೆ, ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದ ಹಾಗೆ. ಸಿಗಲಿಲ್ಲ ಎಂದುಬಿಟ್ಟೆ. ಉಳಿದ ನಾಲ್ಕು ದಿನವೂ ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು.