ನೀನು ಬ್ಯಾಡ ಅಂದ ಹಾಡು

ನನ್ನ ಹರಿಹರದ ಚಿಗವ್ವನಿಗೆ, ನಿನ್ನ ಶೈಲಾ ಬರೆಯುತ್ತಿರುವುದು.

ಹೊಸ ಮೈಕು ತಂದ ಮಧ್ಯಾಹ್ನ ನಿನಗೆ ನೆನಪಿದೆಯಾ? ಸರಸ್ವತಿ ನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ರೆಕಾರ್ಡಿಂಗ್ ಶುರು ಮಾಡಿದ್ದ ಹೊಸತು. ಆಟೋದಲ್ಲಿ ಕೂಗಿಸುವ ಜಾಹೀರಾತು, ಭಜನೆ ಮಂಡಳಿಯ ಹಾಡು, ಏನು ಬಂದರೂ ಮಾಡುತ್ತಿದ್ದೆ. ಮೈಕು ಹೇಗಿದೆ ನೋಡಲು ಮೊದಲು ಹೊತ್ತು ತಂದದ್ದು ನಿನ್ನ ಮನೆಗೇ. ನೀನು ಹೊಲಿಗೆ ಮಷೀನು ತುಳಿಯುತ್ತಾ ಯಾರದೋ ಜಂಪರು ಹೊಲಿಯುತ್ತಿದ್ದೆ. “ಏನರ ಹಾಡು ಚಿಗವ್ವ,” ಅಂದೆ. ನೀನು ಬಾಗಿಲ ಕಡೆ ನೋಡಿದೆ. ಚಿಗಪ್ಪ ಕಾರ್ಖಾನೆಯಿಂದ ಬರಲು ಇನ್ನೂ ಹೊತ್ತಿತ್ತು. ಮಷೀನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿ, ಒಂದು ಉಸಿರು ಎಳೆದುಕೊಂಡು ಹಾಡಿದೆ:

ಹೊಳಿಯಾಚೆ ಯಾರೋ ಕರೆದಾರ,
ಹೋಗಲೇನ ನಾನು?

ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ, “ಕಲಿಯೋದೇನೈತೆ, ಮಷೀನ್ ತುಳಿತಾ ತುಳಿತಾ ತಾನೇ ಬಂತು,” ಅಂದೆ. ಅವತ್ತು ನಾಲ್ಕು ಹಾಡು ಹಾಡಿದೆ. ಹುಟ್ಟಿದಾಗಿನಿಂದ ನಿನ್ನ ಕಂಡವಳು ನಾನು, ನೀನು ಹಾಡುತ್ತೀಯ ಎಂದೇ ಗೊತ್ತಿರಲಿಲ್ಲ. ಮುಗಿದ ಮೇಲೆ, “ಇದನ್ನ ಅಳಿಸಿಬಿಡು, ಯಾರಿಗೂ ಕೇಳಿಸಬ್ಯಾಡ,” ಅಂದೆ. ಯಾಕೆ ಎಂದೂ ನೀನೇ ಹೇಳಿದೆ. ಅದನ್ನು ಮುಂದೆ ಬರೆಯುತ್ತೇನೆ. ನಾನು ಹೂಂ ಅಂದೆ. ಅಳಿಸಲಿಲ್ಲ. ಆರು ತಿಂಗಳಿಗೆ ನೀನೇ...

ರಿಯಾಜ್ ಅದನ್ನು ಕೇಳಿದ್ದು ನೀನು ಹೋದ ಎರಡನೇ ವರ್ಷ. ಅವನು ಆನೆಕೊಂಡದ ಹುಡುಗ, ಮನೆಗಳಿಗೆ ಟೈಲ್ಸ್ ಹಾಕುತ್ತಾನೆ, ಕೆಲಸವಿಲ್ಲದ ದಿನ ನನ್ನ ಕೋಣೆಗೆ ಬಂದು ರ‍್ಯಾಪ್ ಹೇಳುತ್ತಾನೆ. ಬೇರೆ ಯಾವುದೋ ಫೈಲು ಹುಡುಕುವಾಗ ನನ್ನ ಕೈ ತಪ್ಪಿ ನಿನ್ನದು ಶುರುವಾಯಿತು. ಮೊದಲು ಮಷೀನಿನ ಸದ್ದು, ಆಮೇಲೆ ಆ ಉಸಿರು, ಆಮೇಲೆ ನೀನು. ನಿಲ್ಲಿಸಲು ಹೋದರೆ ಅವನು ನನ್ನ ಕೈ ತಡೆದ. “ಯಾರಕ್ಕಾ ಇವ್ರು?” “ನಮ್ಮ ಚಿಗವ್ವ. ಈಗಿಲ್ಲ.” ಆಮೇಲೆ ಅವನೇ ಕೇಳಿದ, “ಈ ಒಂದು ಸಾಲು ತಗೊಂಡ್ರೆ ಅವ್ರು ಬ್ಯಾಡ ಅಂತಿರ್ಲಿಲ್ಲ ಅಲ್ಲ?” ನಾನು ಏನು ಹೇಳಿದೆ ಗೊತ್ತಾ? “ಖುಷಿಪಡ್ತಿದ್ರು,” ಅಂದೆ. ಅಷ್ಟು ಸಲೀಸಾಗಿ ಆ ಸುಳ್ಳು ನನ್ನ ಬಾಯಿಗೆ ಎಲ್ಲಿಂದ ಬಂತು?

ಹದಿನೈದು ದಿನ ಆ ಸಾಲಿನ ಮೇಲೆ ಕೂತೆ. ನಿನ್ನ ಧ್ವನಿಯನ್ನು ಹಾಡಿನಿಂದ ಕತ್ತರಿಸಿದೆ, ಶ್ರುತಿಯನ್ನು ಎರಡು ಮನೆ ಮೇಲಕ್ಕೆ ಏರಿಸಿದೆ, ವೇಗವನ್ನೂ ಸ್ವಲ್ಪ ಹೆಚ್ಚಿಸಿದೆ. ಮಷೀನಿನ ಟಕಟಕ ಸದ್ದೇ ತಾಳವಾಯಿತು, ಅದರ ಕೆಳಗೆ ದಪ್ಪನೆಯ ಬೇಸ್ ಇಟ್ಟೆ. ಸಾಲಿಗೆ ಮೊದಲಿನ ಉಸಿರು ಬೇಡವೆಂದು ಒಮ್ಮೆ ತೆಗೆದುಹಾಕಿದ್ದೆ. ತೆಗೆದ ಮೇಲೆ ಅದು ಯಾರದೋ ಧ್ವನಿ ಅನಿಸಿತು. ಮತ್ತೆ ಸೇರಿಸಿದೆ. ಅದರ ಸುತ್ತ ರಿಯಾಜ್ ತನ್ನ ಮಾತು ಕಟ್ಟಿದ. ಊರು ಬಿಡು ಎನ್ನುವವರ ಬಗ್ಗೆ, ಬಿಡಲಾರದವರ ಬಗ್ಗೆ. ಅವನು ಮುಗಿಸಿದ ಕಡೆಯೆಲ್ಲ ನೀನು ಬಂದು ಕೇಳುತ್ತೀಯ, ಹೋಗಲೇನ ನಾನು?

ಇಂಟರ್ನೆಟ್ಟಿಗೆ ಹಾಕಿದ ಆ ಹಾಡು ಒಂದನೇ ಸ್ಥಾನಕ್ಕೆ ಬಂದ ದಿನ ರಿಯಾಜ್ ಶಾಮನೂರಿನ ಹೊಸ ಮನೆಯೊಂದರಲ್ಲಿ ಕೆಲಸದಲ್ಲಿದ್ದ. ಅಲ್ಲಿಂದಲೇ ಫೋನು ಮಾಡಿ, “ಅಕ್ಕಾ, ಕನ್ನಡ ಹಾಡಿನ ಲಿಸ್ಟಿನಾಗ ನಾವೇ ಮೇಲೆ ಅದೀವಿ,” ಅಂದ. ಅಷ್ಟರಲ್ಲಾಗಲೇ ಹುಡುಗಿಯರು ಅದಕ್ಕೆ ಕುಣಿದು ವಿಡಿಯೋ ಹಾಕುತ್ತಿದ್ದರು, ಬೆಂಗಳೂರಿನ ಕಂಪನಿಯೊಂದು ಹಾಡನ್ನು ತೆಗೆದುಕೊಂಡಿತ್ತು. ಖುಷಿಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವತ್ತು ಸಂಜೆ ಹರಿಹರದ ಬಸ್ಸಿನಲ್ಲಿ ನನ್ನ ಹಿಂದೆ ಯಾರೋ ಉಸಿರೆಳೆದುಕೊಂಡ ಹಾಗಾಯಿತು. ತಿರುಗಿ ನೋಡಿದೆ. ಕಾಲೇಜು ಹುಡುಗಿಯೊಬ್ಬಳು ಫೋನು ನೋಡುತ್ತಿದ್ದಳು. ಅಲ್ಲಿಂದ ಶುರುವಾಯಿತು. ಹಣ್ಣಿನ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಪಕ್ಕದ ಮನೆಯ ಮಗುವಿನ ಬಾಯಲ್ಲಿ, ಎಲ್ಲ ಕಡೆ ನೀನು. ಸಾಲು ಬರುವ ಮೊದಲೇ ನನ್ನ ಬೆನ್ನಿಗೆ ಆ ಉಸಿರು ತಾಕುತ್ತಿತ್ತು. ನೀನು ಹೋಗಲೇ ಎಂದು ಅಷ್ಟು ಸಲ ಕೇಳುತ್ತೀಯ, ನಾವು ಮತ್ತೆ ಮೊದಲಿನಿಂದ ಹಾಕುತ್ತೇವೆ. ಕೊನೆಕೊನೆಗೆ ಕಂಪ್ಯೂಟರ್ ಆರಿಸಿದ ಕೋಣೆಯಲ್ಲೂ...

ಚಿಗಪ್ಪ ನನ್ನ ಕೋಣೆಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಇಷ್ಟು ವರ್ಷದಲ್ಲಿ ಅವರು ಅಲ್ಲಿಗೆ ಕಾಲಿಟ್ಟಿರಲಿಲ್ಲ. “ಬರ್ರಿ ಚಿಗಪ್ಪ, ಕೂಡ್ರಿ,” ಅಂದೆ. ಕೂಡಲಿಲ್ಲ.

“ಬಸ್ ಸ್ಟ್ಯಾಂಡಿನ್ಯಾಗ ಒಂದು ಹಾಡು ಕೇಳ್ದೆ,” ಅಂದರು. “ಧ್ವನಿ ಗೊತ್ತಾಗ್ಲಿಲ್ಲ. ಮಷೀನ್ ಗೊತ್ತಾತು. ಅದರ ಪೆಡಲ್ ಲಡಕಾಸಿ, ಮೂರು ಸಲಕ್ಕೊಮ್ಮೆ ತಡಿತೈತೆ. ನಾನೇ ಎಷ್ಟು ಸಲ ಎಣ್ಣಿ ಬಿಟ್ಟೀನಿ.” ಆಮೇಲೆ ಕೇಳಿದರು, “ಹಾಡಿದ್ದು ಅವಳೇನು?”

“ಹೌದ್ರಿ.”

“ಪೂರ್ತಿ ಹಾಕು. ಆ ಡೋಲು ಗೀಲು ಇಲ್ದಂಗೆ.”

ಹಾಕಿದೆ. ಅವರು ನಿಂತೇ ಕೇಳಿದರು. ನಾಲ್ಕೂ ಹಾಡು ಮುಗಿಯಿತು. ಮುಂದಿನದು ನಿನ್ನ ಮಾತು. ನಾನು ಅಲ್ಲಿಗೆ ನಿಲ್ಲಿಸಿದೆ.

“ಇನ್ನೂ ಐತೆ ಅಲ್ಲ? ಪರದಿ ಮ್ಯಾಲೆ ಗೆರಿ ಉಳಿದದ್ದು ಕಾಣ್ತೈತೆ.”

“ಬ್ಯಾಡ ಬಿಡ್ರಿ ಚಿಗಪ್ಪ.”

“ಹಾಕವ್ವ.”

ಕೊನೆಯ ತನಕ ಹಾಕಿದೆ. ಅಳಿಸಿಬಿಡು ಅಂದದ್ದು, ಆಮೇಲೆ ನೀನು ಹೇಳಿದ ಕಾರಣ: “ಮದುವ್ಯಾದ ಹೊಸದ್ರಾಗ ಒಂದ್ಸಲ ಅವರ ಮುಂದೆ ಹಾಡಿದ್ದೆ. ಬಿದ್ದು ಬಿದ್ದು ನಕ್ಕರು. ಆಮ್ಯಾಲೆ ಯಾರ ಮುಂದೂ ಬಾಯಿ ಬಿಟ್ಟಿಲ್ಲ.” ಅದನ್ನು ಹೇಳುವಾಗ ನೀನೂ ನಗುತ್ತಿದ್ದೆ, ಚಿಗವ್ವ. ಆ ನಗುವನ್ನೇ ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಗೋಡೆ ಹಿಡಿದು ಕೆಳಗೆ ಕೂತರು. “ನಕ್ಕಿದ್ದೆ,” ಅಂದರು. “ಅಷ್ಟಕ್ಕೇ ನಿಲ್ಲಿಸಿಬಿಟ್ಲು ಅಂತ ಗೊತ್ತಿರ್ಲಿಲ್ಲ.”

ನಾನು ಎಲ್ಲ ಹೇಳಿಬಿಟ್ಟೆ. ಅಳಿಸುತ್ತೇನೆ ಎಂದು ಮಾತು ಕೊಟ್ಟದ್ದು, ರಿಯಾಜನಿಗೆ ಸುಳ್ಳು ಹೇಳಿದ್ದು. “ನಾಳೇನೇ ಹಾಡು ಎಲ್ಲಾ ಕಡೆಯಿಂದ ತೆಗಿಸ್ತೀನ್ರಿ,” ಅಂದೆ. ಚಿಗಪ್ಪ ಬೇಡವೆಂದು ಕೈಯಾಡಿಸಿದರು.

“ತೆಗೆದ್ರೆ ಮತ್ತೊಂದ್ಸಲ ಬಾಯಿ ಮುಚ್ಚಿಸ್ದಂಗೆ ಆಗ್ತೈತೆ. ಇರ್ಲಿ. ಹೆಸರು ಹಾಕು. ಉಳಿದ ಹಾಡು ನನಗೆ ಕೊಡು.”

ಈಗ ಹಾಡಿನ ಕೆಳಗೆ ಗಿರಿಜಾ, ಹರಿಹರ ಎಂದಿದೆ. ರಿಯಾಜನಿಗೂ ನಿಜ ಹೇಳಿದೆ. ಒಂದು ವಾರ ಅವನು ನನ್ನ ಜೊತೆ ಮಾತಾಡಲಿಲ್ಲ. ಅದೇ ಧ್ವನಿಯಲ್ಲಿ ಇನ್ನೊಂದು ಹಾಡು ಮಾಡಿಕೊಡಿ ಎಂದು ಕಂಪನಿಯವರು ಕೇಳಿದಾಗ ಆಗುವುದಿಲ್ಲ ಎಂದವನು ಅವನೇ. ಫೈಲನ್ನು ಪೆನ್ ಡ್ರೈವಿಗೆ ಹಾಕಿ ಚಿಗಪ್ಪನಿಗೆ ಕೊಟ್ಟು, ನನ್ನಲ್ಲಿದ್ದದ್ದನ್ನು ಅಳಿಸಿದೆ. ನೀನು ಹೇಳಿದ್ದನ್ನು ಅಷ್ಟು ತಡವಾಗಿ ಮಾಡಿದ್ದಕ್ಕೆ ನಿನ್ನ ಕ್ಷಮೆ ಇದೆಯೋ ಇಲ್ಲವೋ. ಉಸಿರು ಇನ್ನೂ ಕೇಳುತ್ತದೆ.

ಮೊನ್ನೆ ಮಧ್ಯಾಹ್ನ ಚಿಗಪ್ಪ ಫೋನು ಮಾಡಿದ್ದರು. “ಶೈಲಾ, ಮೂರನೇ ಹಾಡು ಸರಿಯಾಗಿ ಕೇಳಿದ್ದೇನು ನೀನು?” ಅದು ದೇವರ ಹಾಡಲ್ಲವೇ, ಕೊಟ್ರೇಶಾ ಕೊಟ್ರೇಶಾ ಎಂದು ಬರುತ್ತದಲ್ಲ, ಅಂದೆ. ಅವರ ಹೆಸರೂ ಅದೇ ಎಂಬುದು ನನಗೆ ಹೊಳೆದೇ ಇರಲಿಲ್ಲ. ನೀನು ಒಂದು ದಿನವೂ ಅವರನ್ನು ಹೆಸರು ಹಿಡಿದು ಕರೆದವಳಲ್ಲವಲ್ಲ.

“ದೇವ್ರಿಗೆ ಯಾರಾದ್ರೂ, ರೊಟ್ಟಿ ಆರಿಹೋತು, ಲಗೂನ ಬಾ ಅಂತಾರೇನವ್ವ?” ಅಂದರು ಚಿಗಪ್ಪ.