ಬೈಕುಗಳ ನೆರಳಿಗಾಗಿ ಬೇವಿನ ಮರ ಕಡಿಯುವ ಮುನ್ನ

ನಮ್ಮ ಕಚೇರಿಯ ಬೇವಿನ ಮರಕ್ಕೆ ಸೋಮವಾರದ ಮುಹೂರ್ತ ಇಟ್ಟಿರುವ ಮಾನ್ಯ ಮೇಲಧಿಕಾರಿಗಳೇ,

ಲಿಂಗಸುಗೂರಿನ ನಮ್ಮ ಕಚೇರಿಯ ಅಂಗಳದಲ್ಲಿರುವ ಬೇವಿನ ಮರವನ್ನು ಬರುವ ಸೋಮವಾರ ಕಡಿಸಿ, ಆ ಜಾಗದಲ್ಲಿ ಸಿಬ್ಬಂದಿಯ ಬೈಕುಗಳಿಗಾಗಿ ತಗಡಿನ ಶೆಡ್ ಹಾಕಿಸಲು ತಾವು ಆದೇಶಿಸಿದ್ದೀರಿ. ಬೈಕುಗಳಿಗೆ ಬಿಸಿಲು ಬಡಿಯುತ್ತದೆಂಬ ತಮ್ಮ ಮರುಕಕ್ಕೆ ನನ್ನ ಬೈಕಿನ ಪರವಾಗಿ ಮೊದಲು ವಂದನೆಗಳು. ಅದಕ್ಕೆ ಬರೆಯಲು ಬರುತ್ತಿದ್ದರೆ ತಾನೇ ಬರೆಯುತ್ತಿತ್ತು. ಬರೆಯುತ್ತಿದ್ದುದಾದರೂ ಇಷ್ಟೇ: ಸ್ವಾಮೀ, ನನಗೆ ನೆರಳು ಬೇಡ, ನನ್ನನ್ನು ಮನೆಯಲ್ಲಿ ಬಿಡಿ.

ನಾನು ಸಿಂಧನೂರಿನವನು, ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಹಳೆಯ ಕಾಗದಗಳ ಫೋಟೊ ಪರದೆಯ ಮೇಲೆ ಬರುತ್ತದೆ, ಅದರಲ್ಲಿರುವುದನ್ನು ಓದಿ ಟೈಪು ಮಾಡುತ್ತೇನೆ. ಆ ಕಾಗದಗಳು ನಮ್ಮ ಕಚೇರಿಯಲ್ಲಿಲ್ಲ. ಟೈಪು ಮಾಡಿದ್ದೂ ನಮ್ಮ ಕಚೇರಿಯಲ್ಲಿ ಉಳಿಯುವುದಿಲ್ಲ. ಎಲ್ಲಿಂದಲೋ ಬಂದದ್ದು ಎಲ್ಲಿಗೋ ಹೋಗುತ್ತದೆ, ಎರಡೂ ಇಂಟರ್ನೆಟ್ಟಿನಲ್ಲೇ. ಈ ಇಡೀ ವ್ಯವಹಾರದಲ್ಲಿ ಪೆಟ್ರೋಲು ಸುಟ್ಟುಕೊಂಡು ಓಡಾಡುವ ವಸ್ತು ನಾನೊಬ್ಬನೇ.

ಒಬ್ಬನೇ ಎಂದರೆ ವಾಸಿಂಗೆ ಅನ್ಯಾಯವಾದೀತು. ವಾಸಿಂ ಲಿಂಗಸುಗೂರಿನವನು. ಇದೇ ಇಲಾಖೆ, ಇದೇ ಕೆಲಸ. ಆದರೆ ತಮ್ಮ ಕೃಪೆಯಿಂದ ಅವನ ಖುರ್ಚಿ ಸಿಂಧನೂರಿನಲ್ಲಿದೆ. ಹೀಗಾಗಿ ದಿನಾ ಮುಂಜಾನೆ ನಾನು ಅವನೂರಿಗೆ, ಅವನು ನನ್ನೂರಿಗೆ ಹೊರಟು, ನಡುವಿನ ಮಸ್ಕಿಯಲ್ಲಿ ಎದುರುಬದುರಾಗುತ್ತೇವೆ. ಹೆಲ್ಮೆಟ್ಟಿನ ಗಾಜು ಎತ್ತಿ, ಗಡಿಯಲ್ಲಿ ಭೇಟಿಯಾದ ರಾಯಭಾರಿಗಳ ಗಾಂಭೀರ್ಯದಿಂದ ಮಾತುಕತೆ ನಡೆಸುತ್ತೇವೆ. ಒಂದು ದಿನ ಅವನು ಕೇಳಿದ:

“ಏನಲೇ, ನಿಮ್ಮೂರಿಗೆ ಹೊಂಟೀನಿ, ಏನರ ಹೇಳದೈತೇನು?”

“ಬುತ್ತಿ ಡಬ್ಬಿ ಮನ್ಯಾಗ ಮರ್ತು ಬಂದೀನಿ. ನೀನರ ಹೋಗಿ ಉಣ್ಣು, ಇಲ್ಲಾಂದ್ರ ನಮ್ಮವ್ವ ಬೈತಾಳ.”

ಅವನು ಹೋಗಿ ಉಂಡ. ಆಮೇಲೆ ರೂಢಿಯಾಯಿತು. ಈಗ ಬುತ್ತಿಗೆ ಏನು ಮಾಡಲಿ ಎಂದು ನಮ್ಮವ್ವ ಅವನನ್ನು ಕೇಳುತ್ತಾಳೆ, ನನ್ನನ್ನಲ್ಲ.

ಇನ್ನು ಮರದ ವಿಚಾರ. ಶೆಡ್ಡಿಗೆ ಜಾಗ ಅಳೆಯಲು ಇಂಜಿನಿಯರರು ಬರುವ ದಿನ ನಮ್ಮ ಕಚೇರಿಯ ಸಾಹೇಬರು ಒಂದು ಕಟ್ಟಪ್ಪಣೆ ಹೊರಡಿಸಿದ್ದರು: ಅಂದು ಎಲ್ಲರೂ ಕಡ್ಡಾಯವಾಗಿ ವಾಹನ ತರತಕ್ಕದ್ದು. ಬಸ್ಸಿಗೆ ಬರುವವರೂ ತಂದರು, ನಡೆದು ಬರುವವರೂ ತಂದರು. ನಮ್ಮ ಹಿರಿಯ ಗುಮಾಸ್ತ ಪಂಪಾಪತಿಯವರಿಗೆ ಗಾಡಿ ಹೊಡೆಯಲು ಬರುವುದಿಲ್ಲ. ಅವರು ಅಳಿಯನ ಬೈಕನ್ನು ಅವನ ಮನೆಯಿಂದ ತಳ್ಳಿಕೊಂಡು ಬಂದು, ಬೆವರು ಒರೆಸಿಕೊಂಡು, ಸಾಲಿನಲ್ಲಿ ನಿಲ್ಲಿಸಿದರು. ಅಂಗಳ ತುಂಬಿತು. ಜಾಗ ಸಾಲದೆಂದು ಸಾಬೀತಾಯಿತು. ಸಂಜೆ ಪಂಪಾಪತಿಯವರು ಸಾಕ್ಷ್ಯವನ್ನು ಮತ್ತೆ ತಳ್ಳಿಕೊಂಡು ಹೋದರು. ಮಾನ್ಯರೇ, ತಮ್ಮ ಆದೇಶದಲ್ಲಿರುವ ‘ವಾಹನದಟ್ಟಣೆ’ ಎಂಬ ಗಂಭೀರ ಪದದ ಜನ್ಮವೃತ್ತಾಂತ ಇದು.

ಮರದಡಿ ಯಾರಿದ್ದಾರೆಂದು ಯಾರೂ ಎಣಿಸಲಿಲ್ಲ. ಹಳ್ಳಿಗಳಿಂದ ಕಾಗದಪತ್ರಕ್ಕೆ ಬಂದವರು ತಮ್ಮ ಸರದಿ ಬರುವತನಕ ಅಲ್ಲೇ ಕೂಡುತ್ತಾರೆ. ಸಾಹೇಬರು ಊಟಕ್ಕೆ ಹೋದರೆ ಅಲ್ಲೇ ಮಲಗುತ್ತಾರೆ. ಮಾಬುಬೀ ಖಾಲಾಳ ಚಹಾದ ಬಂಡಿ ನಿಲ್ಲುವುದೂ ಅಲ್ಲಿಯೇ. ನಾನು ನೌಕರಿಗೆ ಸೇರುವ ಮುಂಚಿನಿಂದ ಆಕೆ ಅಲ್ಲಿದ್ದಾಳೆ, ಇಡೀ ಕಚೇರಿಗೇ ಚಿಕ್ಕಮ್ಮ. ಆದೇಶ ಗೋಡೆಗೆ ಅಂಟಿದ ದಿನ ಕೇಳಿದಳು:

“ಸುನೀಲಾ, ಮರ ಕಡದ್ರ ನಾ ಎಲ್ಲಿ ನಿಂದ್ರಬೇಕಪಾ?”

“ಶೆಡ್ಡಿನ್ಯಾಗ ನಿಂದ್ರು ಖಾಲಾ.”

“ಕೇಳೀನೋ. ಅದು ಗಾಡಿಗೆ ಮಾತ್ರ ಅಂದ್ರು ನಿಮ್ಮ ಸಾಹೇಬ್ರು. ನನ್ನ ಬಂಡಿಗೂ ನಾಕು ಗಾಲಿ ಅದಾವಲ್ರೀ ಅಂದೆ. ಅವು ಸಿಬ್ಬಂದಿ ಗಾಲಿ ಅಲ್ಲ ಅಂದ್ರು.”

ನಗುತ್ತಲೇ ಹೇಳಿದಳು. ನನಗೂ ನಗು ಬಂತು, ನಡುವೆಯೇ ನಿಂತಿತು. ಏಕೆಂದರೆ ಆ ಸಿಬ್ಬಂದಿ ಗಾಲಿಗಳಲ್ಲಿ ಎರಡು ನನ್ನವು.

ಮರುದಿನ ಮಸ್ಕಿಯಲ್ಲಿ ವಾಸಿಂಗೆ ಹೇಳಿದೆ: “ಲೇ, ಇವತ್ತು ಒಂದ್ ದಿನ ಹೊಳ್ಳಿ ಮನಿಗೆ ಹೋಗೂಣು.” ನೆಲ್ಲಿನ ಲಾರಿಯೊಂದು ನಮ್ಮಿಬ್ಬರ ಮುಖಕ್ಕೂ ಹೊಗೆ ಬಿಟ್ಟು ದಾಟಿತು. ಅವನು ಚರ್ಚೆ ಮಾಡದೆ ಬೈಕು ತಿರುಗಿಸಿದ. ನಾನೂ ತಿರುಗಿಸಿದೆ. ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ ಅದೇ ಪರದೆ, ಅದೇ ಕಾಗದ. ಬೆನ್ನು ನೋಯದ ಕಾರಣ ಎಂದಿಗಿಂತ ಹೆಚ್ಚು ಹಾಳೆ ಮುಗಿದವು. ಮಧ್ಯಾಹ್ನ ನನ್ನ ಬುತ್ತಿಯನ್ನು ನಾನೇ ಉಂಡೆ. ಬಹಳ ದಿನಗಳ ಮೇಲೆ.

ಆದರೆ ಮುಖ ನೋಡಿ ಹಾಜರಿ ಹಾಕುವ ತಮ್ಮ ಯಂತ್ರ ಲಿಂಗಸುಗೂರಿನ ಗೋಡೆಯ ಮೇಲಿದೆ. ಅದು ನನ್ನನ್ನು ಕಾಣದೆ ‘ಗೈರು’ ಎಂದು ಬರೆದುಕೊಂಡಿತು. ಮರುದಿನ ಸಾಹೇಬರು ಕರೆದರು.

“ನಿನ್ನೆ ಎಲ್ಲಿದ್ದಿ?”

“ಮನ್ಯಾಗ ಕೆಲಸ ಮಾಡಾಕತ್ತಿದ್ದೆ ಸರ್. ಎಷ್ಟು ಆಗೇದ ನೀವೇ ನೋಡ್ರಿ.”

“ನೋಡೀನಿ. ಕೆಲಸ ಆಗೇದ. ನೀ ಎಲ್ಲಿ ಬಂದಿದ್ದಿ?”

“ಕೆಲಸ ಆಗ್ಯಾದಲ್ರೀ?”

“ಆಗೂದು ಬ್ಯಾರೆ, ಬರೂದು ಬ್ಯಾರೆ. ಪಗಾರ ಕೊಡೂದು ಬಂದಿದ್ದಕ್ಕ.”

ಮಾನ್ಯರೇ, ಇಷ್ಟು ವರ್ಷ ನನಗೆ ಕೆಲಸದ ಬಗ್ಗೆ ತಪ್ಪು ತಿಳಿವಳಿಕೆಯಿತ್ತು. ನಾನು ಟೈಪಿಸ್ಟ್ ಅಂದುಕೊಂಡಿದ್ದೆ. ನನ್ನ ಹುದ್ದೆ ಪ್ರಯಾಣಿಕ.

ಅದಿರಲಿ. ಕಳೆದ ಪರಿಸರ ದಿನದಂದು ತಾವು ನಮ್ಮೆಲ್ಲರ ಕೈ ಮುಂದೆ ಚಾಚಿಸಿ ಪ್ರತಿಜ್ಞೆ ಬೋಧಿಸಿದ್ದಿರಿ. ಅಂದು ರವಿವಾರ. ಹಸಿರು ಉಳಿಸುತ್ತೇವೆಂದು ಹೇಳಲಿಕ್ಕೆ ಇಡೀ ಕಚೇರಿ ಪೆಟ್ರೋಲು ಸುಟ್ಟು ಬಂದಿತ್ತು. ಅಂದು ನೆಟ್ಟ ಸಸಿಯ ಮೇಲೆ ಆ ವಾರವೇ ಯಾರದೋ ಬೈಕಿನ ಸ್ಟ್ಯಾಂಡು ಊರಿತು. ಈಗ ಮರವೂ ಹೋದರೆ ಮುಂದೇನು? ನೆರಳಿಲ್ಲದ ಗೋಡೆ ಕಾಯುತ್ತದೆ, ಸಾಹೇಬರ ಏಸಿ ಇನ್ನೂ ಜೋರಾಗುತ್ತದೆ, ಕರೆಂಟು ಹೋದೊಡನೆ ಹಿತ್ತಲಿನ ಜನರೇಟರ್ ಕೆಮ್ಮುತ್ತದೆ, ಹೊಗೆಗೆ ನಾವು ಕಿಟಕಿ ಮುಚ್ಚುತ್ತೇವೆ. ಮುಚ್ಚಿದ ಕಿಟಕಿಯ ಒಳಗೆ ಕೂತು, ಮನೆಯಲ್ಲಿ ಮಾಡಬಹುದಾದದ್ದನ್ನು ಮಾಡುತ್ತೇವೆ. ಇಷ್ಟೆಲ್ಲ ಆಗುವುದು ನಾವು ಬರುತ್ತೇವೆಂಬ ಒಂದೇ ಕಾರಣಕ್ಕೆ.

ಮನೆಯಲ್ಲಿ ಕೂತರೆ ಜಗತ್ತು ಉದ್ಧಾರವಾಗುತ್ತದೆ ಎನ್ನುವಷ್ಟು ಹುಂಬ ನಾನಲ್ಲ. ಮನೆಯಲ್ಲೂ ಫ್ಯಾನು ತಿರುಗುತ್ತದೆ, ಆದರೆ ಅದು ನಮ್ಮವ್ವನಿಗಾಗಿ ಹೇಗೂ ತಿರುಗುತ್ತಿತ್ತು. ಕೌಂಟರಿನಲ್ಲಿ ಜನರಿಗೆ ಉತ್ತರ ಹೇಳುವವರು ಬರಲೇಬೇಕು, ಬರಲಿ. ಬರೀ ಪರದೆ ನೋಡುವ ನಾವು ಯಾರಿಗೆ ಮುಖ ತೋರಿಸಲು ಬರಬೇಕು? ಆ ಯಂತ್ರಕ್ಕೆ ತಾನೇ? ನನ್ನ ಮುಖ ಅಷ್ಟು ಚೆನ್ನಾಗಿದೆಯೆಂದು ಸಿಂಧನೂರಿನಲ್ಲಿ ಯಾರೂ ಹೇಳಿಲ್ಲ.

ಇದನ್ನೆಲ್ಲ ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದೆ. ಆದರೆ ಶನಿವಾರ ಗೋಡೆಗೆ ಅಂಟಿದ ತಮ್ಮ ಹೊಸ ಸುತ್ತೋಲೆ ಓದಿ, ಮರದ ಬುಡದಲ್ಲಿ ಕೂತುಬಿಟ್ಟೆ. ಮಾಬುಬೀ ಖಾಲಾ ಕೇಳದೆಯೇ ಚಹಾ ಕೊಟ್ಟು, “ಏನು ಬರದಾರಪಾ? ಜೋರಾಗಿ ಓದು” ಎಂದಳು. ಓದಿದೆ:

‘ಸೋಮವಾರ ಆವರಣದಲ್ಲಿ ಮರ ತೆರವುಗೊಳಿಸುವ ಕಾರ್ಯವಿರುವುದರಿಂದ ವಾಹನ ನಿಲುಗಡೆಗೆ ಅವಕಾಶವಿರುವುದಿಲ್ಲ. ಆದ ಪ್ರಯುಕ್ತ ಆಪರೇಟರುಗಳು ಅಂದು ತಮ್ಮ ಮನೆಯಿಂದಲೇ ಕೆಲಸ ನಿರ್ವಹಿಸತಕ್ಕದ್ದು. ಹಾಜರಿ ಪರಿಗಣಿಸಲಾಗುವುದು.’

ಆಕೆ ಬಂಡಿಯ ಮೇಲಿನ ಲೋಟ ತೊಳೆದಿಟ್ಟಳು. ಆಮೇಲೆ, “ಹಂಗಾದ್ರ ಮಂಗಳಾರ ಯಾಕ ಬರ್ತೀರಿ?” ಅಂದಳು.

ಆ ಪ್ರಶ್ನೆಯನ್ನು ಹಾಗೇ ತಮಗೆ ಕಳಿಸುತ್ತಿದ್ದೇನೆ; ಉತ್ತರ ತಮ್ಮಲ್ಲಿರಬಹುದು. ನನ್ನ ಬೇಡಿಕೆಗಾಗಿ ತಾವು ಹೊಸದೇನೂ ಬರೆಯಬೇಕಿಲ್ಲ. ಸುತ್ತೋಲೆಯ ಮೊದಲ ವಾಕ್ಯವನ್ನೂ ‘ಆದ ಪ್ರಯುಕ್ತ’ವನ್ನೂ ಹೊಡೆದುಹಾಕಿ, ಉಳಿದದ್ದನ್ನು ಹಾಗೇ ಬಿಟ್ಟು, ‘ಅಂದು’ ಎಂಬಲ್ಲಿ ‘ಇನ್ನು ಮುಂದೆ’ ಎಂದು ತಿದ್ದಿ. ಬೈಕುಗಳು ಮನೆಯಲ್ಲಿರುತ್ತವೆ, ಮರ ಅಂಗಳದಲ್ಲಿರುತ್ತದೆ, ಬಂಡಿ ಮರದಡಿ ಇರುತ್ತದೆ. ಗರಗಸದವರು ಸೋಮವಾರ ಬಂದರೆ ಒಂದೊಂದು ಚಹಾ ಕುಡಿಸಿ ಕಳಿಸಿದರಾಯಿತು. ನೆರಳಲ್ಲೇ ಕುಡಿಯಲಿ.

ಇಂತಿ,
ಸೋಮವಾರ ಒಂದು ದಿನದ ಮಟ್ಟಿಗೆ ಮನೆಯಲ್ಲಿದ್ದೂ ಹಾಜರಿರುವ,
ಮಂಗಳವಾರದಿಂದ ಮತ್ತೆ ಮಸ್ಕಿಯ ರಸ್ತೆಯಲ್ಲಿ ಸಿಗುವ,
ಸುನೀಲ, ಸಿಂಧನೂರು